ಸುಳಿ ಇರಲಿ, ಕಾಲು ನೋಡಿ

ಮೈಸೂರಿನಲ್ಲಿ ಜಟಕಾಗೆ ಹೂಡುತ್ತಿದ್ದ ಹೆಣ್ಣು ಕುದುರೆಯೊಂದನ್ನು ಬಿಡಿಸಿ ತಂದು ಆರು ವಾರವಾಗಿತ್ತು. ಸವಾರಿಗೆ ಒದಗೀತೇ ಎಂದು ನೋಡಬೇಕಿತ್ತು. ಬಂದ ದಿನವೇ ನೋಡಿ ತೀರ್ಮಾನ ಹೇಳಿದರೆ ತಪ್ಪುತ್ತದೆ. ಗೊರಸಿನ ತುದಿ ಬೆಳೆದು ಮುಂದಕ್ಕೆ ಚಾಚಿದ್ದಾಗ ಕಾಲಿನ ಓರೆಯೆಲ್ಲ ಬೇರೆಯಾಗಿಯೇ ಕಾಣುತ್ತದೆ. ಅದಕ್ಕೇ ಗ್ಲಾಂಡರ್ಸ್ ಎಂಬ ಅಂಟುರೋಗದ ರಕ್ತಪರೀಕ್ಷೆ, ಜಂತಿನ ಔಷಧಿ, ಒಂದು ಸಲ ಗೊರಸು ಹೆರೆಸುವುದು, ಇಷ್ಟು ಮುಗಿಯುವವರೆಗೆ ಕಾದದ್ದು.

ಲಾಳ ಕಟ್ಟುವ ಹಿರಿಯರು ಹಣೆ ಸವರಿ, ‘ಸುಳಿ ಚೆನ್ನಾಗಿದೆ ಸ್ವಾಮಿ’ ಎಂದರು. ‘ಸುಳಿ ಇರಲಿ ಅಣ್ಣಾ, ಬಾಯಿ ಬಿಡಿಸಿ’ ಎಂದೆವು. ಕೊಟ್ಟವರು ನಾಲ್ಕು ವರ್ಷ ಎಂದಿದ್ದರು. ಮುಂದಿನ ಹಲ್ಲುಗಳಲ್ಲಿ ನಡುವಿನ ಜೋಡಿ ಮಾತ್ರ ಹೊಸದು: ಅಗಲ, ತುಸು ಹಳದಿ, ಅಂಚು ಇನ್ನೂ ಸವೆದಿಲ್ಲ. ಪಕ್ಕದವೆಲ್ಲ ಬೆಳ್ಳಗಿನ ಸಣ್ಣ ಹಾಲುಹಲ್ಲು. ನಡುವಿನ ಜೋಡಿ ಬೀಳುವುದು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಅಂದರೆ ಇನ್ನೂ ಮೂರು ತುಂಬದ ಮರಿಯನ್ನು ಗಾಡಿಗೆ ಹೂಡಿದ್ದರು.

ಗಟ್ಟಿ ಸಮನೆಲದ ಮೇಲೆ ನಾಲ್ಕು ಕಾಲೂ ಸಮವಾಗಿ ಊರುವಂತೆ ನಿಲ್ಲಿಸಿ ಟೇಪು ಹಿಡಿದೆವು. ಹೆಗಲ ಏರಿನಲ್ಲಿ ಎತ್ತರ 132 ಸೆಂ.ಮೀ., ಹಿಂಭಾಗದಲ್ಲಿ 136. ಈ ವಯಸ್ಸಿನಲ್ಲಿ ಹಿಂಭಾಗ ಎತ್ತರವಿದ್ದರೆ ಗಾಬರಿ ಬೇಡ, ಬೆಳವಣಿಗೆ ಹಿಂದೊಮ್ಮೆ ಮುಂದೊಮ್ಮೆ ಏರುತ್ತದೆ. ಐದು ವರ್ಷಕ್ಕೂ ಹಾಗೆಯೇ ಉಳಿದರೆ ಜೀನು ಮುಂದಕ್ಕೆ ಜಾರಿ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಎದೆಸುತ್ತು 142, ಭುಜದ ತುದಿಯಿಂದ ಪೃಷ್ಠದ ತುದಿಗೆ 134. ಎದೆಸುತ್ತಿನ ವರ್ಗವನ್ನು ಉದ್ದದಿಂದ ಗುಣಿಸಿ 11,877ರಿಂದ ಭಾಗಿಸಿದರೆ ತೂಕ ಸುಮಾರು 227 ಕಿಲೋ.

ಪಕ್ಕೆಲುಬು ಎಣಿಸುವಂತಿತ್ತು, ಕತ್ತಿನ ಮೇಲಂಚು ಹೆಗಲ ಮುಂದೆ ಗುಂಡಿಬಿದ್ದು ಕುರಿಯ ಕತ್ತಿನ ಹಾಗಿತ್ತು. ಹಸಿದ ಪ್ರಾಣಿಯಲ್ಲಿ ಇದನ್ನು ದೋಷವೆಂದು ಬರೆದುಕೊಳ್ಳಬಾರದು. ಕತ್ತು ಎದೆಯಿಂದ ಹೊರಡುವ ಜಾಗ ನೋಡಬೇಕು. ಇವಳದು ಭುಜದ ತುದಿಗಿಂತ ಸಾಕಷ್ಟು ಮೇಲಿಂದ ಹೊರಟಿತ್ತು. ಮಾಂಸ ತುಂಬಿದರೆ ಗುಂಡಿ ಮುಚ್ಚುತ್ತದೆ. ಮೇವು, ಗೊರಸಿನ ಆರೈಕೆ, ಕಾಲ ಇವುಗಳಿಂದ ಸರಿಹೋಗುವುದು ಯಾವುದು, ಎಲುಬಿನಲ್ಲೇ ಕೂತದ್ದು ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿ ಮುಖ್ಯ ಕೆಲಸ.

ಹೆಚ್ಚು ಹೊತ್ತು ಹಿಡಿದದ್ದು ಬಲ ಮುಂಗಾಲು. ಗೊರಸು ಹೊರಕ್ಕೆ ತಿರುಗಿತ್ತು. ದಾರಕ್ಕೊಂದು ನಟ್ಟು ಕಟ್ಟಿ ಭುಜದ ತುದಿಯಿಂದ ಇಳಿಬಿಟ್ಟೆವು. ಗೊರಸಿನ ಜೊತೆ ಮಂಡಿಯೂ ಹೊರಕ್ಕೆ ನೋಡುತ್ತಿದ್ದರೆ ಇಡೀ ಕಾಲು ಮೊಣಕೈಯಿಂದಲೇ ತಿರುಗಿದೆ ಎಂದರ್ಥ. ಕಿರಿದಾದ ಎದೆಯ ಮರಿಗಳಲ್ಲಿ ಇದು ಸಾಮಾನ್ಯ. ಎದೆ ಅಗಲವಾದಂತೆ ಮೊಣಕೈ ಹೊರಕ್ಕೆ ಸರಿದು ಕಾಲು ನೇರವಾಗುತ್ತದೆ. ಮಂಡಿ ನೇರವಿದ್ದು ಕೆಳಗಿನ ಗೆಣ್ಣಿನಿಂದ ಮಾತ್ರ ತಿರುಗಿದ್ದರೆ ಕಥೆ ಬೇರೆ. ಅಲ್ಲಿನ ಬೆಳವಣಿಗೆ ಮೊದಲ ವರ್ಷದಲ್ಲೇ ನಿಂತಿರುತ್ತದೆ. ಗೊರಸನ್ನು ಒಂದು ಬದಿ ಹೆಚ್ಚು ಹೆರೆದು ನೇರ ಮಾಡಲು ಹೋದರೆ ಕೀಲಿನ ಒಂದೇ ಬದಿಗೆ ಭಾರ ಬಿದ್ದು ಹಾಳಾಗುತ್ತದೆ. ಇವಳ ಮಂಡಿಯೂ ಗೊರಸಿನಷ್ಟೇ ಹೊರಕ್ಕೆ ತಿರುಗಿತ್ತು. ಸಮಾಧಾನವಾಯಿತು.

ಪಕ್ಕದಿಂದ ನೋಡಿದಾಗ ಮಂಡಿ ಹಿಂದಕ್ಕೆ ಬಾಗಿರಲಿಲ್ಲ. ಬಾಗಿದ್ದರೆ ಸವಾರಿಯ ಮಾತನ್ನೇ ಎತ್ತುತ್ತಿರಲಿಲ್ಲ; ಓಟದಲ್ಲಿ ಮಂಡಿಯ ಮುಂಬದಿಯ ಸಣ್ಣ ಮೂಳೆಗಳು ಒಂದಕ್ಕೊಂದು ಜಜ್ಜಿ ಚೂರೇಳುತ್ತವೆ. ಹಿಂಗಾಲು ಮಾತ್ರ ಅತಿ ನೆಟ್ಟಗಿತ್ತು. ಇಂಥ ಕಾಲಿನಲ್ಲಿ, ಅದರಲ್ಲೂ ತೊಡೆಯ ಮಾಂಸ ಕರಗಿದ್ದಾಗ, ಮಂಡಿಚಿಪ್ಪು ಮೇಲೆ ಸಿಕ್ಕಿಕೊಂಡು ಕಾಲು ಮಡಚಲು ಬಾರದೆ ಎಳೆಯುತ್ತದೆ. ಹಿಂದಕ್ಕೆ ನಡೆಸಿದಾಗ ಎಡಗಾಲು ಒಮ್ಮೆ ಕ್ಷಣ ಸೆಟೆದು ಜರಕ್ಕನೆ ಬಿಟ್ಟುಕೊಂಡಿತು. ಶಸ್ತ್ರಚಿಕಿತ್ಸೆಗೆ ಅವಸರ ಬೇಡ. ಮೈ ತುಂಬಿ, ಸಣ್ಣ ಏರಿನಲ್ಲಿ ದಿನವೂ ನಡೆಸಿ ತೊಡೆ ಬಲಿತರೆ ಎಷ್ಟೋ ಮರಿಗಳಲ್ಲಿ ತಾನೇ ನಿಲ್ಲುತ್ತದೆ.

ಕೊನೆಗೆ ಸಡಿಲ ಹಗ್ಗದಲ್ಲಿ ದುಡುಕಿ, ಅಂದರೆ ನಡಿಗೆಗೂ ಓಟಕ್ಕೂ ನಡುವಿನ ವೇಗ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಏಳಲಿಲ್ಲ.

ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದು ಐದು ವರ್ಷ ದಾಟಿದ ಮೇಲೆಯೇ. ಹಾಗಾಗಿ ನಾಲ್ಕು ತುಂಬುವವರೆಗೆ ಬೆನ್ನ ಮೇಲೆ ಯಾರೂ ಕೂರುವಂತಿಲ್ಲ, ಆಮೇಲೂ ಮೊದಲ ವರ್ಷ ನಿಧಾನ ನಡಿಗೆಯೊಂದೇ. ಮೈ ತುಂಬಿ 265 ಕಿಲೋ ಆದಾಳು ಎಂದುಕೊಂಡರೆ ಬೆನ್ನ ಮೇಲೆ ಹೊರಬಹುದಾದ ಐದನೇ ಒಂದು ಭಾಗ 53. ಜೀನಿನ 8 ಕಿಲೋ ಕಳೆದರೆ 45. ಸವಾರರು ಅಷ್ಟರೊಳಗಿನ ಮಕ್ಕಳೇ. ದೊಡ್ಡವರು ಕೇಳಿಕೊಂಡು ಬಂದರೆ ಆಗುವುದಿಲ್ಲ ಎಂದೇ ಹೇಳಬೇಕು.

ಅದೇ ಜಾಗದಲ್ಲಿ ಎದುರಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ಫೋಟೋ ತೆಗೆದು ತಾರೀಖು ಬರೆದಿಟ್ಟೆವು. ಗೊರಸು ಹೆರೆಯುವುದು ಇನ್ನು ಆರು ವಾರಕ್ಕೆ, ಟೇಪು ಮತ್ತು ದಾರ ಮೂರು ತಿಂಗಳಿಗೆ.