ಖಾನಾಪುರದ ಕಾಡಿನಂಚಿನಲ್ಲಿ ಓಡಲು ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಓಡಲೆಂದು ಹೋಗುವವರು, ‘ನಮ್ಮಲ್ಲಿ ಕಾಡಿನೊಳಗೇ ಓಟದ ಹಾದಿ ಇದೆ’ ಎನ್ನುವ ವಸತಿಯವರನ್ನು ನಂಬಬೇಡಿ. ನಾನು ನಂಬಿದೆ. ಒಂದು ರಾತ್ರಿಗೆ 2,800 ರೂಪಾಯಿ ತೆತ್ತು ನಂಬಿದೆ.

ನಾನು ವಿಜಯಪುರದವನು. ಗೋಳಗುಮ್ಮಟದ ಬಳಿ ಹೊರಟು ಇಬ್ರಾಹಿಂ ರೋಜಾ ಮುಟ್ಟಿ ಮರಳುವುದು ನನ್ನ ಬೆಳಗಿನ ಓಟ. ನಮ್ಮೂರಿನ ಓಟದ ಸ್ಪರ್ಧೆ ವೃಕ್ಷಥಾನ್‌ನಲ್ಲಿ 21 ಕಿ.ಮೀ. ಮುಗಿಸಿದ ಗರ್ವವೂ ಸ್ವಲ್ಪ ಇತ್ತು. ಆದರೆ ನಮ್ಮ ಕಡೆ ಏರು ಎಂದರೆ ರೈಲ್ವೆ ಮೇಲ್ಸೇತುವೆ, ಕಾಡು ಎಂದರೆ ಜಾಲಿ. ಹಸಿರು ಗುಡ್ಡಗಳ ನಡುವೆ ಒಮ್ಮೆ ಓಡಬೇಕೆಂಬ ಆಸೆ ಬಹಳ ಹಳೆಯದು. ಕಳೆದ ನವೆಂಬರ್‌ನಲ್ಲಿ ರಜೆ ಹಾಕಿ ಬೆಳಗಾವಿಯ ಬಸ್ಸು ಹತ್ತಿದೆ.

ಇನ್ನೂರು ಕಿ.ಮೀ.ಗೂ ಮಿಕ್ಕಿದ ಆ ದಾರಿಯ ಬಗ್ಗೆ ಒಂದೇ ಮಾತು: ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗ್ಗೆ ಇಳಿದ ಕೂಡಲೇ ಓಡುತ್ತೇನೆಂಬ ಹುಂಬತನ ಬೇಡ. ನನ್ನ ಪಕ್ಕದ ಕಿಟಕಿಯ ಗಾಜು ಮುಚ್ಚಲೇ ಇಲ್ಲ. ಸಂದಿಗೆ ಟವೆಲ್ ತುರುಕಿದೆ, ಅದು ಲೋಕಾಪುರದ ಆಚೆ ಎಲ್ಲೋ ಹಾರಿಹೋಯಿತು. ಬೆಳಗಾವಿಯಲ್ಲಿ ಇಳಿದಾಗ ಎಡಗಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ.

ಕಾಯ್ದಿರಿಸಿದ್ದ ವಸತಿ ಜಾಂಬೋಟಿಯಿಂದ ಒಳಗಿತ್ತು. ಹೆಸರು ಬೇಡ. ಚಿತ್ರದಲ್ಲಿ ಮಂಜು, ಮರ, ಕೆಂಪು ಮಣ್ಣಿನ ಹಾದಿ, ಆ ಹಾದಿಯಲ್ಲಿ ಓಡುತ್ತಿರುವ ಹುಡುಗಿ ಎಲ್ಲವೂ ಇದ್ದವು. ಅಲ್ಲಿ ನೋಡಿದರೆ ತಗಡಿನ ಚಾವಣಿಯ ನಾಲ್ಕು ಕೋಣೆಗಳು ಸಾಲಾಗಿ ನಿಂತಿದ್ದವು. ಬಿಸಿನೀರಿಗೆ ಬಕೆಟ್ಟಿಗೆ ಐವತ್ತು ರೂಪಾಯಿ ಬೇರೆ, ಊಟ ಬೇರೆ, ರಾತ್ರಿ ಬೆಂಕಿ ಹಾಕಿಕೊಂಡರೆ ಸೌದೆಗೂ ಬೇರೆ. ಎಲ್ಲವನ್ನೂ ಸಹಿಸಿಕೊಂಡೆ. ಏಕೆಂದರೆ ನನಗೆ ಬೇಕಾದದ್ದು ಹಾದಿ.

ಬೆಳಗ್ಗೆ ಐದೂವರೆಗೆ ಎದ್ದು ಬೂಟು ಕಟ್ಟಿದೆ. ಮಾಲೀಕರು ಹಲ್ಲುಜ್ಜುತ್ತಲೇ ಕೈ ತೋರಿಸಿದರು. "ನೇರವಾಗಿ ಹೋಗಿ ಸರ್, ಎಲ್ಲರೂ ಹೋಗುತ್ತಾರೆ, ಏನೂ ಆಗುವುದಿಲ್ಲ." ಹಣೆಗೆ ದೀಪ ಕಟ್ಟಿಕೊಂಡು ಎರಡು ಕಿ.ಮೀ. ಹೋಗಿರಬಹುದು. ಎದುರಿನಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಅರಣ್ಯ ರಕ್ಷಕರು ನಿಲ್ಲಿಸಿದರು. ಬೈಯಲಿಲ್ಲ, ಅದೇ ಅವರ ದೊಡ್ಡತನ. ಮುಂದಿರುವುದು ಭೀಮಗಡ ವನ್ಯಜೀವಿ ಧಾಮ, 2011ರಲ್ಲಿ ಘೋಷಣೆಯಾದದ್ದು, ಸುಮಾರು 190 ಚದರ ಕಿ.ಮೀ., ಅನುಮತಿಯಿಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ ಎಂದರು. ಕಾಯ್ದೆಯ ಮಾತಿಗೆ ನಾನು ತಲೆಯಾಡಿಸಿದೆ, ಅಷ್ಟೇ. ನನ್ನನ್ನು ಹಿಂದಿರುಗಿಸಿದ್ದು ಅವರ ಇನ್ನೊಂದು ಮಾತು: "ಇಲ್ಲಿ ಕರಡಿ ಇವೆ. ಕರಡಿಗೆ ಕಣ್ಣೂ ಮಂದ, ಕಿವಿಯೂ ಮಂದ. ನಡೆದು ಬರುವವರು ಮಾತನಾಡುತ್ತ ಬರುತ್ತಾರೆ, ಅದು ಸರಿದುಕೊಳ್ಳುತ್ತದೆ. ನೀವು ಸದ್ದಿಲ್ಲದೆ ಓಡಿ ತಿರುವಿನಲ್ಲಿ ಎದುರಾದರೆ ಹೆದರಿಕೆಯಿಂದ ಮೈಮೇಲೆ ಬೀಳುತ್ತದೆ."

ಹತ್ತು ವರ್ಷದಿಂದ ಓಡುತ್ತಿದ್ದೇನೆ. ಹಗುರವಾಗಿ, ಸದ್ದಿಲ್ಲದೆ ಹೆಜ್ಜೆಯಿಡುವುದನ್ನು ಕಷ್ಟಪಟ್ಟು ಕಲಿತಿದ್ದೇನೆ. ಅದೇ ಇಲ್ಲಿ ಕುತ್ತಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು! ಹಾಗಾಗಿ ಈ ತಾಲ್ಲೂಕಿನಲ್ಲಿ ಎಲ್ಲೇ ಓಡಿದರೂ ಬೆಳಕು ಚೆನ್ನಾಗಿ ಹರಿದ ಮೇಲೆ, ಎಂದರೆ ನವೆಂಬರ್‌ನಲ್ಲಿ ಏಳು ಗಂಟೆಯ ನಂತರ ಹೊರಡಿ. ಸಂಜೆ ಐದಕ್ಕೆ ಮುಗಿಸಿ. ಇಬ್ಬರಿದ್ದರೆ ಮಾತನಾಡುತ್ತ ಓಡಿ. ಒಬ್ಬರೇ ಆದರೆ ಕೈಯಲ್ಲಿ ಸದ್ದು ಮಾಡುವ ಏನಾದರೂ ಇರಲಿ. ನಾನು ಕೀಲಿಕೈಗಳ ಗೊಂಚಲು ಹಿಡಿದು ಓಡಿದೆ. ಊರಿನವರು ಒಂದು ಥರ ನೋಡಿದರು, ನೋಡಲಿ.

ಕೋಣೆಗೆ ಮರಳಿ ಕೇಳಿದಾಗ ಮಾಲೀಕರು, "ಹಾಗಾದರೆ ಚೋರ್ಲಾ ರಸ್ತೆಯಲ್ಲಿ ಓಡಿ ಸರ್" ಎಂದರು. ಅದೂ ಮೋಸದ ಸಲಹೆಯೇ. ಕಣಕುಂಬಿ ದಾಟಿ ಘಟ್ಟದ ಕಡೆಗೆ ಹೋಗುವ ಆ ರಸ್ತೆಯ ನೋಟದ ಬಗ್ಗೆ ತಕರಾರಿಲ್ಲ. ಆದರೆ ಅದು ಬೆಳಗಾವಿಯಿಂದ ಪಣಜಿಗೆ ಹೋಗುವ ದಾರಿ. ಒಂದರ ಹಿಂದೊಂದು ಗೋವಾದ ಕಾರುಗಳು, ನಡುವೆ ಲಾರಿಗಳು, ತಿರುವಿನಲ್ಲಿ ಪಕ್ಕಕ್ಕೆ ಸರಿಯಲು ಒಂದು ಅಡಿ ಮಣ್ಣೂ ಇಲ್ಲ. ನಾಲ್ಕು ಕಿ.ಮೀ. ಓಡಿದ್ದರಲ್ಲಿ ಮೂರು ಸಲ ಗಟಾರಕ್ಕೆ ಹಾರಿದೆ. ಶನಿವಾರ, ಭಾನುವಾರ ಅತ್ತ ತಲೆ ಹಾಕಲೇಬೇಡಿ. ಜಲಪಾತದ ಹೆಸರು ಕೇಳಿದಲ್ಲೆಲ್ಲ ಜನ, ಜೋರು ಹಾಡು, ಚಿಪ್ಸ್ ಚೀಲ. ಜನಜಂಗುಳಿ ಎಂದರೆ ನನಗೆ ಮೈಯೆಲ್ಲ ಉರಿ. ನಿಮಗೆ ಅಷ್ಟು ಉರಿಯದಿದ್ದರೆ ನನ್ನ ಮಾತನ್ನು ಸ್ವಲ್ಪ ಕಳೆದು ಓದಿಕೊಳ್ಳಿ.

ಓಡಲು ಯೋಗ್ಯವಾದದ್ದು ಕಾಡಿನ ಒಳಗೂ ಇಲ್ಲ, ಹೆದ್ದಾರಿಯ ಮೇಲೂ ಇಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಕಿರುದಾರಿಗಳಲ್ಲಿ ಇದೆ. ಇದು ನನಗೆ ಗೊತ್ತಾದದ್ದು ಕಣಕುಂಬಿಯಲ್ಲಿ. ಮೌಳಿ ದೇವಿಯ ಗುಡಿಯ ಬಳಿ ಮಲಪ್ರಭೆ ಹುಟ್ಟುತ್ತಾಳೆ, ಸಮುದ್ರಮಟ್ಟದಿಂದ 792 ಮೀಟರ್ ಎತ್ತರದಲ್ಲಿ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಅಗಲವಾದ ಮಲಪ್ರಭೆಯನ್ನು ಚಿಕ್ಕಂದಿನಿಂದ ನೋಡಿದ ನನಗೆ ಇಲ್ಲಿಯ ಪುಟ್ಟ ನೀರನ್ನು ಕಂಡು ನಗು ಬಂತು, ಆಮೇಲೆ ಸುಮ್ಮನೆ ಕುಳಿತೆ. ಅಲ್ಲಿಂದ ಪಾರವಾಡದ ಕಡೆಗೆ ಹೊರಳುವ ರಸ್ತೆಯೇ ಈ ಪ್ರವಾಸದ ಹಣವನ್ನು ವಸೂಲಿ ಮಾಡಿಕೊಟ್ಟದ್ದು. ಏರು ಬರುತ್ತದೆ, ಉಸಿರು ಕಟ್ಟುವಷ್ಟರಲ್ಲಿ ಇಳಿಯುತ್ತದೆ. ಒಂದು ಪಕ್ಕ ಕೊಯ್ಲಾದ ಭತ್ತದ ಗದ್ದೆ, ಇನ್ನೊಂದು ಪಕ್ಕ ಕಾಡು. ಮುಕ್ಕಾಲು ಗಂಟೆಯಲ್ಲಿ ಎದುರಾದದ್ದು ಒಂದು ಟ್ರ್ಯಾಕ್ಟರ್, ಎಮ್ಮೆಯ ಹಿಂಡು ಮತ್ತು ಶಾಲೆಗೆ ಹೊರಟ ಇಬ್ಬರು ಹುಡುಗರು. ಹುಡುಗರು ನನ್ನೊಂದಿಗೆ ಓಡಿ, ಚೀಲ ಬೆನ್ನಿಗಿದ್ದರೂ ನನ್ನನ್ನು ಹಿಂದೆ ಹಾಕಿದರು.

ಎರಡು ಎಚ್ಚರಿಕೆ ಮಾತ್ರ. ಜಂಬಿಟ್ಟಿಗೆಯ ಕೆಂಪು ಹರಳು ಇಳಿಜಾರಿನಲ್ಲಿ ಗೋಲಿಯಂತೆ ಉರುಳುತ್ತದೆ. ಡಾಂಬರಿಗೆಂದು ಮಾಡಿದ ನುಣುಪು ಅಡಿಯ ಬೂಟು ಸಾಲದು. ನನ್ನ ಅಂಗೈ ಈಗಲೂ ಅದಕ್ಕೆ ಸಾಕ್ಷಿ. ಇನ್ನು, ಗೌಳಿಗರ ವಾಡೆಗಳ ನಾಯಿಗಳು ತಮ್ಮ ಎಮ್ಮೆಗಳನ್ನು ಕಾಯುವವು. ಓಡುವವರನ್ನು ಕಳ್ಳರೆಂದೇ ತಿಳಿಯುತ್ತವೆ. ನೂರು ಹೆಜ್ಜೆ ಮೊದಲೇ ಓಟ ನಿಲ್ಲಿಸಿ ನಡೆಯಿರಿ.

ಎರಡನೆಯ ದಾರಿ ಜಾಂಬೋಟಿಯಿಂದ ಹಬ್ಬನಹಟ್ಟಿಯದು. ಮಲಪ್ರಭೆಯ ದಡದಲ್ಲಿ ಮಾರುತಿಯ ಗುಡಿ ಇದೆ, ಮಳೆಗಾಲದಲ್ಲಿ ಹೊಳೆ ಏರಿದರೆ ಮುಳುಗಿಹೋಗುತ್ತದೆ. ಸ್ವಲ್ಪ ದೂರ ದೊಡ್ಡ ರಸ್ತೆಯಲ್ಲೇ ಓಡಬೇಕಾಗುವುದರಿಂದ ಇದಕ್ಕೆ ಎರಡನೆಯ ಸ್ಥಾನ. ಬೆಳಗಾವಿ ನಗರದಲ್ಲೇ ಉಳಿದು ಒಂದೇ ಬೆಳಗು ಸಿಗುವವರು ಯಳ್ಳೂರಿನ ರಾಜಹಂಸಗಡ ಹತ್ತಲಿ. ಕೊನೆಯ ಏರು ತೊಡೆಯ ನರಗಳನ್ನು ಮಾತನಾಡಿಸುತ್ತದೆ, ಮೇಲೆ ಗಾಳಿ ಟೊಪ್ಪಿಗೆ ಕಸಿಯುತ್ತದೆ. ವಾರದ ನಡುವೆ ಹೋಗಿ.

ಇನ್ನು ಊಟದ ಮಾತು, ಇದನ್ನು ಆತುರದಲ್ಲಿ ಹೇಳಲಾರೆ. ಜಾಂಬೋಟಿಯಲ್ಲಿ ಬಸ್ಸು ನಿಲ್ಲುವ ಜಾಗದ ಸಮೀಪ ಫಲಕವಿಲ್ಲದ ಒಂದು ಖಾನಾವಳಿ ಇದೆ. ಎರಡು ಬೆಂಚು, ಒಂದು ಒಲೆ. ನಡೆಸುವವರು ಅರವತ್ತು ದಾಟಿದ ಹೆಂಗಸು. ಎಲ್ಲರೂ ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಅವರ ಮನೆಮಾತು ಮರಾಠಿ, ನನ್ನದು ಜವಾರಿ ಕನ್ನಡ. ಹಸಿವಿಗೆ ಎರಡೂ ಅರ್ಥವಾಗುತ್ತವೆ. ಕೆಂಪು ಮಣ್ಣು ಮೆತ್ತಿದ ಮೊಣಕಾಲು ನೋಡಿ, "ಎಲ್ಲಿ ಬಿದ್ದೆ ತಮ್ಮಾ?" ಎಂದು ಕೇಳಿ ಮೊದಲು ಒಂದು ತಂಬಿಗೆ ಬಿಸಿನೀರು ಕೊಟ್ಟರು. ಬಕೆಟ್ಟಿಗೆ ಐವತ್ತು ತೆತ್ತವನಿಗೆ ಆ ತಂಬಿಗೆ ಹೇಗೆ ಕಂಡಿರಬೇಕು!

ಅಕ್ಕಿ ಭಕ್ಕರಿ ಆಗತಾನೇ ಹೆಂಚಿನಿಂದ ಇಳಿದಿತ್ತು. ನಮ್ಮ ಕಡೆಯ ಜೋಳದ ರೊಟ್ಟಿಯ ಅಭಿಮಾನಿಯಾದ ನಾನು ಅಕ್ಕಿಯದನ್ನು ಎಂದೂ ಲೆಕ್ಕಕ್ಕೆ ಇಟ್ಟವನಲ್ಲ. ಇದು ತೆಳ್ಳಗೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಬೆಳ್ಳುಳ್ಳಿ ಧಾರಾಳವಾಗಿ ಬಿದ್ದ ಝುಣಕ, ಮಡಕಿಕಾಳಿನ ಉಸಳಿ, ಕೊನೆಗೆ ಅನ್ನದ ಮೇಲೆ ಆಮಸೂಲಿನ ಸಾರು. ಬೆವರು ಸುರಿಸಿ ಬಂದ ದೇಹಕ್ಕೆ ಆ ಹುಳಿ-ಉಪ್ಪು ಯಾವ ಪೊಟ್ಟಣದ ಪುಡಿಗಿಂತಲೂ ಮೇಲು. ಮೂರು ಭಕ್ಕರಿ ತಿಂದೆ. ನಾಲ್ಕನೆಯದನ್ನು ಕೇಳದೆಯೇ ಹಾಕಿದರು. ಎಲ್ಲ ಸೇರಿ ಅರವತ್ತು ರೂಪಾಯಿ, ಚಹಾ ಬೇರೆ ಹತ್ತು. ಉಳಿದ ದಿನಗಳ ಊಟವೆಲ್ಲ ಅಲ್ಲಿಯೇ ಆಯಿತು. ಒಂದು ದಿನ ಓಡಲೇ ಇಲ್ಲ, ಊಟಕ್ಕೆ ಮಾತ್ರ ಹೋದೆ.

ನಗದು ಇಟ್ಟುಕೊಳ್ಳಿ. ಕಣಕುಂಬಿಯ ಸುತ್ತ ಮೊಬೈಲ್ ಸಂಕೇತ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಫೋನಿನಿಂದ ಹಣ ಹೋಗದೆ ಬಾಳೆಹಣ್ಣು ವಾಪಸ್ಸಿಟ್ಟು ಬಂದೆ. ಸಂಜೆಯ ಬಸ್ಸನ್ನೂ ನೆಚ್ಚಬೇಡಿ. ಐದೂವರೆಯದು ಏಳಾದರೂ ಬರಲಿಲ್ಲ, ಹಾಲಿನ ವ್ಯಾನಿನ ಚಾಲಕರು ಕ್ಯಾನುಗಳ ನಡುವೆ ಜಾಗ ಮಾಡಿಕೊಟ್ಟರು. ಮಳೆಗಾಲದಲ್ಲಿ ಜಿಗಣೆಯ ಕಾಟವಿರುತ್ತದೆ, ಹಲವು ಜಲಪಾತಗಳಿಗೆ ಪ್ರವೇಶವನ್ನೂ ನಿರ್ಬಂಧಿಸುತ್ತಾರೆ. ನವೆಂಬರ್‌ನಿಂದ ಫೆಬ್ರವರಿಯೇ ಸರಿ. ತಂಗಲು ಕಾಡಿನ ಚಿತ್ರ ತೋರಿಸುವವರ ಹಿಂದೆ ಹೋಗದೆ ಖಾನಾಪುರ ಊರಿನಲ್ಲೇ ಸಾಧಾರಣ ಕೋಣೆ ಹಿಡಿಯಿರಿ. ಕೊನೆಯ ಎರಡು ರಾತ್ರಿ ನಾನು ಹಾಗೆಯೇ ಮಾಡಿದೆ, ಏಳುನೂರಕ್ಕೆ, ಬಿಸಿನೀರು ಸಹಿತ.

ಮಾವಶಿಯ ಖಾನಾವಳಿ ಸೋಮವಾರ ಮುಚ್ಚಿರುತ್ತದೆ. ಅಂದು ಅತ್ತ ಓಡುವುದಾದರೆ ಬುತ್ತಿ ಕಟ್ಟಿಕೊಂಡೇ ಹೋಗಿ.