ಸಂಡೂರಿನ ಗುಡ್ಡ, ಗೋವಾದ ಜರಡಿ

ಬಳ್ಳಾರಿಯಿಂದ ಸಂಡೂರಿಗೆ ಹೊರಟವರು ಬಿಳಿ ಬಟ್ಟೆ ತೊಡಬಾರದು. ಗೋವಾದಿಂದ ಬಂದಿದ್ದ ಅಕ್ಕನ ಮಗನಿಗೆ ಇದನ್ನು ಹೇಳಲು ಮರೆತಿದ್ದೆ. ಬಸ್ಸು ತೋರಣಗಲ್ಲು ದಾಟುವಷ್ಟರಲ್ಲಿ ಅವನ ಅಂಗಿಯ ಕಾಲರು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಅವನದು ಸಮುದ್ರದ ಕೆಲಸ. ಐದು ಸಾವಿರ ಮೀಟರ್ ಆಳದಿಂದ ಕೆಸರು ತೆಗೆಸಿ, ಅದರಲ್ಲಿನ ಹುಳು ಎಣಿಸುತ್ತಾನೆ. ‘ಅಷ್ಟು ಓದಿ ಹುಳ ಎಣಿಸುವುದೇ?’ ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ. ರಜೆಗೆ ಬಂದವನನ್ನು ಹಂಪಿಗೆ ಕರೆದೊಯ್ಯುತ್ತೇನೆಂದರೆ, “ಹಂಪಿ ಇರಲಿ ಮಾಮಾ, ಸಂಡೂರಿನ ಗುಡ್ಡ ತೋರಿಸಿ. ಅದು ಹಳೆಯ ಸಮುದ್ರದ ತಳ” ಎಂದ. ಬಳ್ಳಾರಿಯ ಬಿಸಿಲಿನಲ್ಲಿ ಅರವತ್ತು ವರ್ಷ ಕಳೆದವನಿಗೆ ಇದು ತಮಾಷೆಯಂತೆ ಕೇಳಿಸಿತು.

ಸಂಡೂರು ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬಾಡಿಗೆ ಕಾರು ಹಿಡಿದೆವು. ಮಳೆಗಾಲ ಆಗಷ್ಟೇ ಮುಗಿದಿತ್ತು. ಬಳ್ಳಾರಿಯ ಬೋಳು ಬಂಡೆಗಳನ್ನು ನೋಡಿದ ಕಣ್ಣಿಗೆ ಇಲ್ಲಿನ ಹಸಿರು ನಂಬಲಾಗದಷ್ಟು ದಟ್ಟ. ಕುಮಾರಸ್ವಾಮಿ ದೇವಸ್ಥಾನದ ಕಡೆಗೆ ಹತ್ತುವ ದಾರಿಯ ತಿರುವಿನಲ್ಲಿ, ರಸ್ತೆಗಾಗಿ ಗುಡ್ಡ ಕಡಿದ ಕಡೆ ಅಳಿಯ ಕಾರು ನಿಲ್ಲಿಸಿದ. ಕಲ್ಲಿನ ಮೈತುಂಬ ಪಟ್ಟೆ: ಒಂದು ಕಪ್ಪು, ಒಂದು ಕೆಂಪು, ಮತ್ತೆ ಕಪ್ಪು. ಇಳಕಲ್ ಸೀರೆಯ ದಡಿಯನ್ನು ಯಾರೋ ಮಡಿಸಿಟ್ಟಂತಿತ್ತು.

ಇನ್ನೂರೈವತ್ತು ಕೋಟಿ ವರ್ಷಗಳಿಗಿಂತಲೂ ಹಿಂದೆ ಇಲ್ಲೊಂದು ಸಮುದ್ರವಿತ್ತಂತೆ. ತಳದ ಬಿಸಿನೀರಿನ ಬುಗ್ಗೆಗಳಿಂದ ಹೊರಬಂದ ಕಬ್ಬಿಣ ನೀರಿನಲ್ಲಿ ಕರಗಿದ್ದು, ಪದರ ಪದರವಾಗಿ ತಳಕ್ಕಿಳಿಯಿತಂತೆ. ಅದೇ ಈ ಪಟ್ಟೆ. ಇಲ್ಲೇ ಸಂಡೂರು ತಾಲ್ಲೂಕಿನ ದೇವಗಿರಿಯ ಮ್ಯಾಂಗನೀಸ್ ಕೂಡ ಸಮುದ್ರದ್ದೇ. “ನಾವು ಈಗ ಹಿಂದೂ ಮಹಾಸಾಗರದ ತಳದಲ್ಲಿ ನೋಡುತ್ತಿರುವುದೂ ಮ್ಯಾಂಗನೀಸೇ” ಎಂದು ಅವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಕೆಸರಿನ ಮೇಲೆ ಆಲೂಗಡ್ಡೆ ಚೆಲ್ಲಿದಂತೆ ಕಪ್ಪು ಉಂಡೆಗಳು. ನಿಕ್ಕಲ್, ತಾಮ್ರ, ಕೋಬಾಲ್ಟ್ ಎಲ್ಲವೂ ಅದರೊಳಗೆ. ಒಂದು ಉಂಡೆ ಕೆಲವೇ ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಕೆಲವು ಉಂಡೆಗಳ ನಡುವೆ ಶಾರ್ಕಿನ ಹಲ್ಲು ಸಿಗುತ್ತದೆ. ಆ ಹಲ್ಲಿನ ಸುತ್ತಲೇ ಲೋಹ ಕಟ್ಟಿರುತ್ತದೆ.

ಆ ಉಂಡೆಗಳು ಯಾರವು? ನನ್ನಂಥ ಬಳ್ಳಾರಿಯವನಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಯಾವ ದೇಶದ್ದೂ ಅಲ್ಲ, ಮನುಕುಲದ ಸೊತ್ತು ಎಂದು 1982ರ ಸಮುದ್ರ ಕಾನೂನು ಒಪ್ಪಂದ ಹೇಳುತ್ತದೆ. ಗುತ್ತಿಗೆ ಕೊಡುವುದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ. ಭಾರತ 2002ರಲ್ಲಿ ಅದರೊಂದಿಗೆ ಅನ್ವೇಷಣೆಯ ಒಪ್ಪಂದ ಮಾಡಿಕೊಂಡಿತು. ಈಗ ನಮ್ಮ ಪಾಲಿಗಿರುವುದು ಸುಮಾರು 75,000 ಚದರ ಕಿಲೋಮೀಟರ್. ಅದು ಹುಡುಕಲಿಕ್ಕೆ ಮಾತ್ರ, ತೆಗೆಯಲಿಕ್ಕಲ್ಲ.

ತಿರುವು ದಾಟಿದ ಮೇಲೆ ಎದುರಿನ ಗುಡ್ಡ ಕಾಣಿಸಿತು. ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗಣಿ. ಅದಿರಿನ ಬೆಲೆ ಗಗನಕ್ಕೇರಿದ್ದ ವರ್ಷಗಳಲ್ಲಿ ಈ ದಾರಿಯಲ್ಲಿ ಲಾರಿಗಳ ಸಾಲು ಹೇಗಿತ್ತು, ಹೊಲದ ಬೆಳೆಯ ಮೇಲೆ ಧೂಳು ಹೇಗೆ ಕೂತಿತ್ತು ಎಂದು ಅಳಿಯನಿಗೆ ಹೇಳಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮ ಹೆಚ್ಚಿದ್ದ ಸಿ ವರ್ಗದವನ್ನು 2013ರಲ್ಲಿ ರದ್ದುಪಡಿಸಿತು. ಗುಡ್ಡದ ಪುನಶ್ಚೇತನಕ್ಕೆ ಯೋಜನೆಗಳು ಬಂದವು. ಎಲ್ಲವೂ ಅಗೆದ ಮೇಲೆ.

“ಅಗೆಯುವ ಮುಂಚೆ ಇಲ್ಲಿ ಏನೇನಿತ್ತು ಎಂದು ಒಂದೊಂದಾಗಿ ಎಣಿಸಿದ್ದರೇ?” ಎಂದು ಅವನು ಕೇಳಿದ. ನಾನು ಉತ್ತರ ಕೊಡಲಿಲ್ಲ. ಹುಳು ಎಣಿಸುವುದು ಏಕೆಂದು ಆಗ ಅರ್ಥವಾಯಿತು.

ಕೆಳಗಿಳಿದು ನಾರಿಹಳ್ಳದ ಅಣೆಕಟ್ಟಿಗೂ ಹೋದೆವು. ನೀರು ಚೆನ್ನಾಗಿತ್ತು, ಗಾಳಿ ಇನ್ನೂ ಚೆನ್ನಾಗಿತ್ತು. ಅದಕ್ಕಿಂತ ನೆನಪಿನಲ್ಲಿ ಉಳಿದದ್ದು ದಾರಿಯ ಚಹಾದಂಗಡಿ. ಅಂಗಡಿಯ ತಾಯಿ ಚಹಾ ಸೋಸುತ್ತಿದ್ದಾಗ ಅಳಿಯ ಆಕೆಯ ಸೋಸುಣಿಗೆಯನ್ನೇ ಪಾಠಕ್ಕೆ ಬಳಸಿದ. ಕೆಸರನ್ನು ಜರಡಿ ಹಿಡಿದರೆ ತಾನೇ ಹುಳು ಸಿಗುವುದು? ಒಂದು ದೇಶದವರು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ ಹಿಡಿದು, ಇನ್ನೊಂದು ದೇಶದವರು ಅದಕ್ಕಿಂತ ಸಣ್ಣದನ್ನು ಹಿಡಿದರೆ ಇಬ್ಬರ ಲೆಕ್ಕವೂ ಸರಿ, ಆದರೆ ಕೂಡಿಸಲು ಬರುವುದಿಲ್ಲ. ಹಾಗಾಗಿ 300 ಮೈಕ್ರಾನ್, ಅಂದರೆ 0.3 ಮಿಲಿಮೀಟರ್ ಎಂಬ ಅಳತೆಗೆ ಬಂದಿದ್ದಾರೆ. ದೇಶ ದೇಶಗಳ ತಜ್ಞರು ಒಂದೇ ಮೇಜಿನ ಸುತ್ತ ಕೂತು, ನೀವು ಹೆಸರಿಟ್ಟ ಹುಳು ನಾವು ಹೆಸರಿಟ್ಟದ್ದೇ ಹೌದೇ ಎಂದು ಹೋಲಿಸಬೇಕು. ಅಂತರರಾಷ್ಟ್ರೀಯ ಸಹಕಾರವೆಂದರೆ ಬಾವುಟ, ಭಾಷಣ, ಹಸ್ತಲಾಘವ ಎಂದುಕೊಂಡಿದ್ದೆ. ಜರಡಿಯ ಕಣ್ಣಿಗಾಗಿ ನಡೆಯುವ ಜಗಳವೂ ಅದೇ ಎಂದು ತಿಳಿದಿರಲಿಲ್ಲ.

ಹೀಗೆ ಕೂಡಿಸಿದ ಲೆಕ್ಕವೊಂದು 2023ರಲ್ಲಿ ಪ್ರಕಟವಾಯಿತು. ಇಂಥವೇ ಉಂಡೆಗಳಿರುವ ಪೆಸಿಫಿಕ್ ಸಾಗರದ ಕ್ಲಾರಿಯನ್–ಕ್ಲಿಪರ್ಟನ್ ವಲಯದಲ್ಲಿ ಅಂದಾಜು 5,578 ಪ್ರಭೇದಗಳು, ಅವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೆ ಇನ್ನೂ ವೈಜ್ಞಾನಿಕ ಹೆಸರೇ ಇಲ್ಲ. ಉಂಡೆ ತೆಗೆದರೆ ತಳಕ್ಕೆ ಏನಾಗುತ್ತದೆಂದು ತಿಳಿಯಲು, ಪೆರು ದೇಶದ ಆಚೆಯ ಸಮುದ್ರದಲ್ಲಿ ಜರ್ಮನ್ನರು 1989ರಲ್ಲಿ ತಳವನ್ನು ನೇಗಿಲಿನಂಥ ಸಾಧನದಿಂದ ಉತ್ತು ನೋಡಿದರು. 2015ರಲ್ಲಿ ಯುರೋಪಿನ ಹಲವು ದೇಶಗಳ ವಿಜ್ಞಾನಿಗಳು ಹೋದಾಗ ಆ ಸಾಲುಗಳು ಹಾಗೆಯೇ ಇದ್ದವು. ಇಪ್ಪತ್ತಾರು ವರ್ಷ! ನಮ್ಮ ಎರೆಹೊಲದ ಸಾಲು ಒಂದು ಮಳೆಗೆ ಅಳಿಸುತ್ತದೆ. 1997ರಲ್ಲಿ ಹಿಂದೂ ಮಹಾಸಾಗರದಲ್ಲಿ ನಮ್ಮವರೂ ತಳ ಕಲಕಿ ನೋಡಿದ್ದಾರೆ. ಪ್ರಯೋಗ ಭಾರತದ್ದು, ಹಡಗು ಮಾತ್ರ ರಷ್ಯಾದ್ದು.

“ಅಷ್ಟು ಆಳದಲ್ಲಿ ಹುಳ ಏನು ತಿನ್ನುತ್ತದಪ್ಪಾ?” ಎಂದು ಅಂಗಡಿಯ ತಾಯಿ ಕೇಳಿದರು. “ಮೇಲಿನಿಂದ ಉದುರಿದ್ದನ್ನು ತಿನ್ನುತ್ತದೆ ತಾಯಿ, ಸತ್ತ ಜೀವಿಗಳ ಚೂರನ್ನು” ಎಂದ ಇವನು. “ಪಾಪ” ಎಂದು ಆಕೆ ಇನ್ನೊಂದು ಕಪ್ ಚಹಾ ಕೊಟ್ಟರು. ಆ ಕಪ್ಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ಅಳಿಯನ ಚೀಲ ಭಾರವಾಗಿತ್ತು. ತಿರುವಿನಲ್ಲಿ ಬಿದ್ದಿದ್ದ ಪಟ್ಟೆ ಕಲ್ಲೊಂದನ್ನು ಆರಿಸಿಕೊಂಡಿದ್ದ. ಚಾಲಕ ಕನ್ನಡಿಯಲ್ಲಿ ನೋಡಿ, “ಸಾರ್, ಮುಂದೆ ಚೆಕ್‌ಪೋಸ್ಟ್ ಇದೆ. ಅದಿರಿಗೆ ಪರ್ಮಿಟ್ ಬೇಕು” ಎಂದ. ನಗುತ್ತಲೇ ಹೇಳಿದ್ದು. ಅಳಿಯ ನಗಲಿಲ್ಲ. ಕಾರು ನಿಲ್ಲಿಸಿ, ಕಲ್ಲನ್ನು ರಸ್ತೆಯಂಚಿನ ಹುಲ್ಲಿನ ಮೇಲಿಟ್ಟು, ಅದರ ಫೋಟೊ ಮಾತ್ರ ತೆಗೆದುಕೊಂಡು ಬಂದ.