ನಾಲ್ಕು ಕೊಂಬು, ಒಂದೇ ಹಿಕ್ಕೆಗುಡ್ಡೆ

ಜಗಳೂರು ಕಡೆ ಹೊರಟರೆ 'ಅಲ್ಲಿ ಹುಲಿ ಇದೆಯೇನ್ರಿ?' ಅನ್ನೋದೇ ಮೊದಲ ಪ್ರಶ್ನೆ. ಇಲ್ಲ ಮಾರಾಯ್ರೇ, ಕೊಂಡುಕುರಿ ಇದೆ, ಅಂದರೆ ನಾಲ್ಕು ಕೊಂಬಿನ ಪುಟ್ಟ ಹುಲ್ಲೆ. 2011ರಲ್ಲಿ ಅಲ್ಲಿನ ರಂಗಯ್ಯನದುರ್ಗ ಕಾಡನ್ನು ವನ್ಯಧಾಮ ಮಾಡಿದ್ದೇ ಅದಕ್ಕೋಸ್ಕರ.

ನಾಲ್ಕು ಕೊಂಬು ಎಣಿಸೋಕೆ ಹೋಗಬೇಡಿ. ಹೆಣ್ಣಿಗೆ ಕೊಂಬೇ ಇಲ್ಲ. ಗಂಡಿನಲ್ಲೂ ಹಣೆ ಮೇಲಿನ ಮುಂದಿನ ಜೋಡಿ ತೀರಾ ಗಿಡ್ಡ, ಕೆಲವಕ್ಕೆ ಬರೀ ಗುಬುಟು. ಸುಮಾರು 20 ಕೆಜಿಯ ಪ್ರಾಣಿ, ಹುಲ್ಲಲ್ಲಿ ಅಲ್ಲಾಡದೆ ನಿಂತರೆ ಹತ್ತು ಹೆಜ್ಜೆ ಹತ್ತಿರದಿಂದಲೂ ಕಾಣಲ್ಲ.

ಮೊದಲು ನೆಲ ನೋಡಿ. ಕೊಂಡುಕುರಿ ದಿನಾ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತೆ. ಅಡಿಯಲ್ಲಿ ಒಣಗಿ ಬೆಳ್ಳಗಾದದ್ದು, ಮೇಲೆ ಕಪ್ಪಗೆ ಹೊಳೆಯೋ ಹಸಿದು ಇದ್ದರೆ ಮನೆಯವರು ಊರಲ್ಲೇ ಇದ್ದಾರೆ ಅಂತ ಅರ್ಥ! ನೀರಿಲ್ಲದೆ ಹೆಚ್ಚು ದಿನ ತಡೆಯಲ್ಲ. ಹಾಗಾಗಿ ಬೇಸಿಗೆ ಬೆಳಗ್ಗೆ, ಸಿಬ್ಬಂದಿ ಜೊತೆ, ನೀರಿನ ಗುಂಡಿಯಿಂದ ದೂರ ಕೂತು ಬೈನಾಕ್ಯುಲರ್ ಹಿಡಿಯೋದೇ ಸರಿ. ಎಡವಟ್ಟಾಗೋದು ಸೆಂಟಿನಿಂದ, ಪಿಸುಮಾತಿನಿಂದ. ಗಾಳಿ ನಿಮ್ಮಿಂದ ಅದರ ಕಡೆ ಬೀಸುತ್ತಿದ್ದರೆ ಕಥೆ ಮುಗೀತು.

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕರಡಿಯದ್ದು ಇನ್ನೊಂದು ತಮಾಷೆ. ಮೇಲಿನ ಸಾಲಲ್ಲಿ ನಡುವಿನ ಎರಡು ಹಲ್ಲೇ ಇಲ್ಲ. ಹುತ್ತ ಕೆದರಿ, ಮೂಗು ಮುಚ್ಚಿ, ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಎಳೆಯುತ್ತೆ. ಸದ್ದು ನೂರು ಮೀಟರ್ ಆಚೆಗೂ ಕೇಳುತ್ತೆ. ನಮ್ಮ ಮನೆಗಳಲ್ಲಿ ಸಾರು ಸೊರ್ ಅಂದರೆ ಬೈಯ್ತಾರೆ, ಅಲ್ಲಿ ಅದೇ ಹೊಟ್ಟೆಪಾಡು.